ಕುಬ್ಜ ಸಿಕ್ಲಿಡ್ ಅಲಂಕಾರಿಕ ಮೀನುಗಳ ಪ್ರಭೇದ ಗುರುತಿಸುವಿಕೆ ಹಾಗೂ ಹೆಸರಿಸುವಿಕೆ

ಬೀದರ ತಾಲ್ಲೂಕಿನ ಅಷ್ಟೂರ ಹಾಗೂ ಭಾಲ್ಕಿ, ಔರಾದ ಭಾಗಗಳಲ್ಲಿ ಅಲಂಕಾರಿಕ ಮೀನು ಸಾಕಣೆ ಘಟಕ ಸ್ಥಾಪಿಸಲು ಅರ್ಜಿ ಸಲ್ಲಿಸುವವರ ಮಾಹಿತಿಗಾಗಿ ಈ ವಿವರಗಳನ್ನು ನೀಡಲಾಗಿದೆ.

ಕುಬ್ಜ ಸಿಕ್ಲಿಡ್ ಎಂದರೇನು?
ಸಿಕ್ಲಿಡ್ ಕುಟುಂಬದ, ಸುಮಾರು 10 ಸೆಂ.ಮೀ. ಮೀರದ ಮೀನುಗಳನ್ನು ಹೀಗೆ ಕರೆಯಲಾಗುತ್ತದೆ. ದಕ್ಷಿಣ ಅಮೆರಿಕದ ಅಪಿಸ್ಟೊಗ್ರಾಮ ಹಾಗೂ ರಾಮ್ ಮೀನುಗಳು ಇದಕ್ಕೆ ಉದಾಹರಣೆ. ಭಾರತದ ಮೂಲ ಸಿಕ್ಲಿಡ್‌ಗಳು ಮೂರು ಮಾತ್ರ. ಅವುಗಳಲ್ಲಿ ಕಿತ್ತಳೆ ಕ್ರೊಮೈಡ್ ಚಿಕ್ಕದು. ಕೆನರಾ ಪರ್ಲ್‌ಸ್ಪಾಟ್ ದಕ್ಷಿಣ ಕನ್ನಡದ ನದಿಗಳಲ್ಲಿ ಕಂಡುಬರುವ, ಅಳಿವಿನಂಚಿನ ಮೀನು.

ಗುರುತಿಸುವ ಕ್ರಮ
1. ಸಿಕ್ಲಿಡ್‌ಗಳಿಗೆ ಮೂತಿಯ ಪ್ರತಿ ಬದಿಯಲ್ಲಿ ಒಂದೇ ಮೂಗಿನ ರಂಧ್ರವಿರುತ್ತದೆ.
2. ಗುದ ಈಜುರೆಕ್ಕೆಯ ಮುಳ್ಳುಗಳನ್ನು ಎಣಿಸಬೇಕು. ಭಾರತೀಯ ಸಿಕ್ಲಿಡ್‌ಗಳಲ್ಲಿ 12 ಅಥವಾ ಹೆಚ್ಚು. ರಾಮ್ ಹಾಗೂ ಟಿಲಾಪಿಯಾಗಳಲ್ಲಿ 3.
3. ಬಣ್ಣವನ್ನೇ ನಂಬಬಾರದು. ನೀಲಿ ರಾಮ್, ಚಿನ್ನದ ರಾಮ್ ಒಂದೇ ಪ್ರಭೇದದ ತಳಿಗಳು. ಅಪಿಸ್ಟೊಗ್ರಾಮದ ಹಲವು ಪ್ರಭೇದಗಳಲ್ಲಿ ಹೆಣ್ಣು ಮರಿಮಾಡುವ ಕಾಲದಲ್ಲಿ ಹಳದಿಯಾಗುವುದರಿಂದ ಬೇರೆ ಮೀನೆಂದು ತಿಳಿಯುವ ಸಂಭವವಿದೆ.

ಹೆಸರು ಓದುವ ಕ್ರಮ
ವೈಜ್ಞಾನಿಕ ಹೆಸರಿನಲ್ಲಿ ಮೊದಲ ಪದ ಕುಲವನ್ನೂ, ಎರಡನೆಯದು ಪ್ರಭೇದವನ್ನೂ ಸೂಚಿಸುತ್ತದೆ. ನಂತರ ಹೆಸರಿಟ್ಟವರು ಹಾಗೂ ವರ್ಷ ಬರುತ್ತವೆ. ಎಟ್ರೋಪ್ಲಸ್ ಕ್ಯಾನರೆನ್ಸಿಸ್ ಡೇ, 1877 ಎಂಬಲ್ಲಿ ಆವರಣ ಚಿಹ್ನೆಯಿಲ್ಲ, ಕುಲ ಬದಲಾಗಿಲ್ಲ. ಸ್ಯೂಡೆಟ್ರೋಪ್ಲಸ್ ಮ್ಯಾಕುಲೇಟಸ್ (ಬ್ಲಾಖ್, 1795) ಎಂಬಲ್ಲಿ ಆವರಣವಿದೆ; ಅಂದರೆ ಮೀನನ್ನು ನಂತರ ಬೇರೆ ಕುಲಕ್ಕೆ ಸೇರಿಸಲಾಗಿದೆ. ರಾಮ್ ಮೀನನ್ನೂ 1948ರಲ್ಲಿ ಅಪಿಸ್ಟೊಗ್ರಾಮ ಎಂದೇ ಹೆಸರಿಸಲಾಗಿತ್ತು; ಈಗ ಅದು ಮೈಕ್ರೋಜಿಯೋಫೇಗಸ್ ರಾಮಿರೇಸಿ. ಹಳೆಯ ಹೆಸರಿನ ಪಟ್ಟಿಯನ್ನು ಕಂಡು ಎರಡು ಮೀನುಗಳೆಂದು ಭಾವಿಸಬಾರದು. ಹೆಸರಿನಲ್ಲಿ 'ಸಿಎಫ್.' ಎಂದಿದ್ದರೆ ಗುರುತು ಖಚಿತವಾಗಿಲ್ಲವೆಂದು ಅರ್ಥ.

ಏಕೆ ಮುಖ್ಯ?
ಮೊಜಾಂಬಿಕ್ ಟಿಲಾಪಿಯಾವನ್ನು 1952ರಲ್ಲಿ ಭಾರತಕ್ಕೆ ತರಲಾಯಿತು. ಬಾಯಲ್ಲಿ ಮೊಟ್ಟೆ ಕಾಯ್ದು ಬೇಗನೆ ಸಂತತಿ ಹೆಚ್ಚಿಸಿಕೊಳ್ಳುವ ಈ ಮೀನು ಅನೇಕ ಜಲಾಶಯಗಳಲ್ಲಿ ಸ್ಥಳೀಯ ಮೀನುಗಳಿಗೆ ತೊಂದರೆಯುಂಟುಮಾಡಿದೆ. ಗುರುತು ತಪ್ಪಿದ ಮರಿಗಳು ಕಾರಂಜಾ ಅಥವಾ ಮಾಂಜ್ರಾ ನೀರಿಗೆ ಸೇರಿದರೆ ಹಿಂತೆಗೆಯಲಾಗದು. ಆದ್ದರಿಂದ ಸಾಕಿದ ಮೀನುಗಳನ್ನು ಕೆರೆ, ಬಾವಿ, ನದಿಗಳಿಗೆ ಬಿಡಬಾರದು.

ಅರ್ಜಿದಾರರಿಗೆ ಸೂಚನೆ
ಮರಿ ಖರೀದಿಸುವಾಗ ವೈಜ್ಞಾನಿಕ ಹೆಸರುಳ್ಳ ರಸೀದಿ ಪಡೆಯುವುದು, ಮೀನಿನ ಪಕ್ಕದ ನೋಟದ ಛಾಯಾಚಿತ್ರ ಇಟ್ಟುಕೊಳ್ಳುವುದು ಸೂಕ್ತ. ಸಂದೇಹವಿದ್ದಲ್ಲಿ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬಹುದು.