ಡಿಕ್ಕಿಯ ಲೆಕ್ಕ: ಮೊದಲು ಊಹೆ, ಆಮೇಲೆ ಸೂತ್ರ



ಆದೋನಿ, ಆಲೂರು ತಾಲ್ಲೂಕುಗಳು 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದವು. ಗಡಿ ಭಾಗದ ನಮ್ಮ ಮಕ್ಕಳಿಗೆ ವಿಜ್ಞಾನದ ಪದಗಳು ಎರಡೆರಡು. ಕನ್ನಡದ ‘ಸಂವೇಗ’ವೇ ತೆಲುಗಿನ ‘ದ್ರವ್ಯವೇಗ’. ಹೆಸರು ಯಾವುದಾದರೂ ಇರಲಿ, ಅರ್ಥ ತಿಳಿಯದೆ ಸೂತ್ರ ಬಾಯಿಪಾಠವಾದರೆ ನಷ್ಟ ಮಗುವಿಗೇ.

ಪರೀಕ್ಷೆ ಮಾಡಿ ನೋಡಿ. ಲಾರಿ ಆಟೋಗೆ ಗುದ್ದಿದರೆ ಯಾವುದರ ಮೇಲೆ ಹೆಚ್ಚು ಬಲ ಬೀಳುತ್ತದೆ? ಒಳ್ಳೆಯ ಅಂಕ ತೆಗೆದ ಮಕ್ಕಳೂ ‘ಆಟೋ ಮೇಲೆ’ ಎನ್ನುತ್ತಾರೆ. ಬಲ ಎರಡರ ಮೇಲೂ ಸಮ. ಆಟೋ ಹಗುರ, ಅದಕ್ಕೇ ಅದರ ವೇಗ ಹೆಚ್ಚು ಬದಲಾಗುತ್ತದೆ.

ಗುಂತಕಲ್ಲಿನಲ್ಲಿ ಗೂಡ್ಸ್ ಡಬ್ಬಿ ಜೋಡಿಸುವುದನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. 60 ಟನ್ನಿನ ಡಬ್ಬಿ ಗಂಟೆಗೆ 4 ಕಿ.ಮೀ. ವೇಗದಲ್ಲಿ ಬಂದು, ನಿಂತಿರುವ 20 ಟನ್ನಿನ ಡಬ್ಬಿಗೆ ಕೂಡಿಕೊಂಡಿತು ಎನ್ನಿ. ಜೋಡಿಯ ವೇಗ ಹೆಚ್ಚೀತೇ, ತಗ್ಗೀತೇ? ಪೆನ್ನು ಹಿಡಿಯುವ ಮೊದಲೇ ಮಗು ಊಹಿಸಿ ಕಾರಣ ಹೇಳಲಿ. ಆಮೇಲೆ ಲೆಕ್ಕ.

ಗುಮಾಸ್ತಿಕೆ ಮಾಡಿ ನಿವೃತ್ತರಾದ ನಮಗೆ ಇದು ಜಮಾ-ಖರ್ಚಿನ ಹಾಗೆ ಕಾಣುತ್ತದೆ. ಸಂವೇಗವೆಂದರೆ ತೂಕ, ವೇಗಗಳ ಗುಣಲಬ್ಧ (ಪುಸ್ತಕದಲ್ಲಿ ತೂಕದ ಬದಲು ದ್ರವ್ಯರಾಶಿ ಎಂದಿರುತ್ತದೆ). ಮೊದಲು ಒಟ್ಟು 60 × 4 = 240. ಕೂಡಿದ ಮೇಲೆ 80 ಟನ್ನು, ಹಾಗಾಗಿ ವೇಗ 3 ಕಿ.ಮೀ. ದೊಡ್ಡ ಡಬ್ಬಿಯ ಖಾತೆಯಿಂದ ಹೋದದ್ದು 60; ಚಿಕ್ಕದಕ್ಕೆ ಬಂದದ್ದೂ 20 × 3 = 60. ಒಂದರ ಖರ್ಚು, ಇನ್ನೊಂದರ ಜಮಾ. ಹೊರಗಿನವರು ಕೈ ಹಾಕದಿದ್ದರೆ ಒಟ್ಟು ಮೊತ್ತ ಬದಲಾಗದು. ಬ್ರೇಕು ಹಾಕಿದರೆ ಅದೇ ಹೊರಗಿನವರ ಕೈ.

ಇಲ್ಲಿ ಮಕ್ಕಳು ಎಡವುವುದು ಎರಡು ಕಡೆ. ಒಂದು, ದಿಕ್ಕು. ಎದುರಿನಿಂದ ಬರುವ ಡಬ್ಬಿಯ ಸಂವೇಗವನ್ನು ಕಳೆಯಬೇಕು. ಸಮ ತೂಕದ ಎರಡು ಜೇಡಿಮಣ್ಣಿನ ಉಂಡೆಗಳು ಒಂದೇ ವೇಗದಲ್ಲಿ ಎದುರಾಗಿ ಅಂಟಿಕೊಂಡರೆ ನಿಂತುಬಿಡುತ್ತವೆ. ಸಂವೇಗ ಮಾಯವಾಗಿಲ್ಲ, ಮೊದಲೂ ಒಟ್ಟು ಸೊನ್ನೆಯೇ ಇತ್ತು. ಇನ್ನೊಂದು, ಚಲನಶಕ್ತಿಯೂ ಹಾಗೆಯೇ ಉಳಿಯುತ್ತದೆ ಎಂಬ ತಪ್ಪು ತಿಳಿವಳಿಕೆ. ನಮ್ಮ ಡಬ್ಬಿಗಳು ಕೂಡಿದಾಗ ಕಾಲು ಭಾಗ ಚಲನಶಕ್ತಿ ಸದ್ದು, ಬಿಸಿಯಾಗಿ ಹೋಗುತ್ತದೆ.

ಮನೆಯಲ್ಲಿ ಗೋಲಿ, ಕೇರಂ ಇದ್ದರೆ ಸಾಕು. ‘ಏನಾದೀತು? ಯಾಕೆ?’ ಎಂದು ಮನೆಮಾತಿನಲ್ಲೇ ಕೇಳಿ. ತಪ್ಪು ಹೇಳಿದರೆ ಗದರಬೇಡಿ, ಹೊಡೆದು ತೋರಿಸಿ. ಕನ್ನಡದಲ್ಲಿ ಯೋಚಿಸಿದ ಮಗು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಧೈರ್ಯವಾಗಿ ಬರೆಯುತ್ತದೆ. ಸದಸ್ಯರಲ್ಲಿರುವ ಶಿಕ್ಷಕರು ತಮ್ಮ ಊರಿನಲ್ಲಿ ಇದನ್ನು ಮಾಡಿ ನೋಡಿ, ಮಕ್ಕಳು ಕೊಟ್ಟ ಉತ್ತರಗಳನ್ನು ನಮಗೆ ಬರೆದು ಕಳಿಸಬೇಕಾಗಿ ವಿನಂತಿ.

– ಕಾರ್ಯದರ್ಶಿ