ತೆನೆಹಬ್ಬದ ಊಟಕ್ಕೆ ಹಿರಿಯರನ್ನು ಕರೆದೆವೇ?



ಸೆಪ್ಟೆಂಬರ್ 8 ಮರಿಯಮ್ಮನವರ ಜನ್ಮದಿನ. ಹೊಸ ಅಕ್ಕಿಯ ಊಟಕ್ಕೆ ಮನೆಮಂದಿಯೆಲ್ಲ ಒಂದಾಗುವ ತೆನೆಹಬ್ಬ. ಆದರೆ ನಮ್ಮ ಕಾವೂರಿನ ಯಾವುದೋ ಮನೆಯ ಹಿಂಕೋಣೆಯಲ್ಲಿ ಹಿರಿಯರೊಬ್ಬರು ಆಸ್ತಿಯನ್ನೆಲ್ಲ ಬರೆದುಕೊಟ್ಟು ಹಸಿದು ಕುಳಿತಿದ್ದರೆ, ಆ ಊಟ ನಮಗೆ ರುಚಿಸೀತೇ?

2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ 60 ದಾಟಿದವರಿಗೆ ಆಸರೆಯಾಗಿದೆ. ಜೀವನಾಂಶಕ್ಕಾಗಿ ಸಹಾಯಕ ಆಯುಕ್ತರ ನ್ಯಾಯಮಂಡಳಿಗೆ ವಕೀಲರಿಲ್ಲದೆಯೇ ಅರ್ಜಿ ಸಲ್ಲಿಸಬಹುದು. ಕೈಲಾಗದವರ ಪರವಾಗಿ ಅವರು ಒಪ್ಪಿದ ವ್ಯಕ್ತಿ ಅಥವಾ ಸಂಸ್ಥೆಯೂ ಸಲ್ಲಿಸಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ದಾನಪತ್ರವನ್ನು, ಷರತ್ತು ಮುರಿದರೆ, ಮಂಡಳಿ ರದ್ದುಪಡಿಸಬಲ್ಲದು.

ಆದರೆ ಇದು ಒಬ್ಬರಿಂದ ಆಗುವ ಕೆಲಸವಲ್ಲ. ಹೊಡೆತದ ದೂರು ಕಾವೂರು ಪೊಲೀಸ್ ಠಾಣೆಗೆ, ಗಾಯದ ಚಿಕಿತ್ಸೆ ವೆನ್ಲಾಕ್ ಆಸ್ಪತ್ರೆಯಲ್ಲಿ, ಸಲಹೆಗೆ 14567 ಸಹಾಯವಾಣಿ. ಠಾಣೆಗೆ ದಾನಪತ್ರದ ಸಂಗತಿ ತಿಳಿಯದು. ಮಂಡಳಿಗೆ ಗಾಯ ಕಾಣದು. ಇವರನ್ನು ಜೋಡಿಸುವ ಕೊಂಡಿ ನಾವೇ: ವಾರ್ಡಿನ ಗುರಿಕಾರರು, ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರು, ನೆರೆಮನೆಯವರು. 'ಅದು ಅವರ ಮನೆಯ ವಿಷಯ' ಎಂದು ಸುಮ್ಮನಿದ್ದರೆ ನಾಲ್ಕನೆಯ ದೇವರಾಜ್ಞೆಯನ್ನು ನಾವೂ ಮೀರಿದಂತೆಯೇ.

ಈ ಹಬ್ಬದಂದು ತೆನೆ ಹಂಚುವಾಗ ಆ ಹಿಂಕೋಣೆಯ ಬಾಗಿಲನ್ನೂ ತಟ್ಟೋಣ. ಮರಿಯಮ್ಮನವರ ಹೆತ್ತವರಾದ ಸಂತ ಜೋಕಿಂ ಮತ್ತು ಅನ್ನಮ್ಮನವರು ನಮಗಾಗಿ ಪ್ರಾರ್ಥಿಸಲಿ.