ಕೆರೆ ಕಂಡ ಮಕ್ಕಳು ಕಡಲಿಗೆ ಹೊರಟಾಗ

ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಚಳಿಗಾಲವೇ ಶಾಲೆಗಳ ಪ್ರವಾಸದ ಕಾಲವೂ ಹೌದು. 'ಸಮುದ್ರ ತೋರಿಸ್ರಿ ಸರ್' ಎಂಬ ಬೇಡಿಕೆಯೇ ಎಲ್ಲಕ್ಕಿಂತ ಮುಂದೆ.

ಆಸ್ಟ್ರೇಲಿಯದಲ್ಲಿ ಕುಟುಂಬಗಳು ಕಾರಿನ ಹಿಂದೆ ಕ್ಯಾರವಾನ್ ಎಂಬ ಗಾಲಿಮನೆಯನ್ನು ಕಟ್ಟಿಕೊಂಡು ಕರಾವಳಿಯ ಊರೂರು ಸುತ್ತುತ್ತವೆ. ನಮ್ಮ ಮಕ್ಕಳಿಗೆ ಪ್ರವಾಸದ ಬಸ್ಸೇ ಗಾಲಿಮನೆ. ಅಕ್ಕಿ ಚೀಲ, ಪಾತ್ರೆ, ಒಲೆ, ಕಟಿರೊಟ್ಟಿ, ಶೇಂಗಾ ಹಿಂಡಿ ಎಲ್ಲವೂ ಅದರಲ್ಲೇ.

ಬೋನಾಳ ಸೀಮೆಯ ನೀರು ಕೃಷ್ಣಾ ನದಿ ಸೇರಿ ಪೂರ್ವದ ಬಂಗಾಳಕೊಲ್ಲಿಗೆ ಹೋಗುತ್ತದೆ. ಬಸ್ಸು ಹೋಗುವುದು ಪಶ್ಚಿಮಕ್ಕೆ. ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದರೆ ಅಂಕೋಲಾ. ಅಲ್ಲಿಂದ ದಕ್ಷಿಣಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಒಂದರ ಹಿಂದೊಂದು ಎದುರಾಗುತ್ತವೆ. ಗೋಕರ್ಣದ ಕಡೆ ತಿರುಗಿದವರು ಸಾಣಿಕಟ್ಟಾದ ಉಪ್ಪಿನ ಗದ್ದೆಗಳನ್ನು ನೋಡದೆ ಬರಬಾರದು. ಕುಮಟಾ, ಹೊನ್ನಾವರ ಆದ ಮೇಲೆ ಮುರ್ಡೇಶ್ವರ.

ಇಲ್ಲಿ ಸ್ವಲ್ಪ ನಿಲ್ಲಬೇಕು. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಅವರೂ ಬಯಲುಸೀಮೆಯ ಮಕ್ಕಳೇ.

ಕೆರೆ, ಬಾವಿಗಳಲ್ಲಿ ಈಜು ಕಲಿತವನಿಗೂ ಕಡಲು ಹೊಸದು. ಕೆರೆಯ ನೀರು ನಿಂತ ನೀರು. ಕಡಲಲ್ಲಿ ಅಲೆಗಳು ದಡಕ್ಕೆ ತಂದು ಸುರಿದ ನೀರು ಮರಳಿ ಹೋಗಲೇಬೇಕಷ್ಟೆ? ಅದು ಮರಳಿನ ದಿಬ್ಬಗಳ ನಡುವಿನ ಕಿರಿದಾದ ತಗ್ಗಿನಲ್ಲಿ ಒಟ್ಟುಗೂಡಿ ಹೊಳೆಯಂತೆ ಆಳದತ್ತ ಓಡುತ್ತದೆ. ಇದೇ 'ರಿಪ್ ಕರೆಂಟ್'. ಕೆಲವೊಮ್ಮೆ ಇದರ ವೇಗ ಸೆಕೆಂಡಿಗೆ 2 ಮೀಟರ್ ಮುಟ್ಟುವುದುಂಟು. ನುರಿತ ಈಜುಗಾರನೂ ಎದುರು ಈಜಿ ಗೆಲ್ಲಲಾರ. ಮೋಸವೆಂದರೆ, ಅಕ್ಕಪಕ್ಕ ಅಲೆ ಒಡೆಯುತ್ತಿರುವಾಗ ಈ ಜಾಗ ಮಾತ್ರ ಶಾಂತವಾಗಿ ಕಾಣುತ್ತದೆ. ಅಂಜಿದ ಮಗು ಅಲ್ಲಿಗೇ ಹೋಗುತ್ತದೆ!

ಈ ಸೆಳೆತ ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ದಡದತ್ತ ಈಜಲು ಹೆಣಗಿ ಸುಸ್ತಾದವರೇ ಮುಳುಗುವುದು ಹೆಚ್ಚು. ತೇಲುತ್ತ ಕೈಯೆತ್ತಿ ಕೂಗಬೇಕು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು. ಕಡಲಿನಲ್ಲೇ ಬೆಳೆದ ಆಸ್ಟ್ರೇಲಿಯನ್ನರು ಕೂಡ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಈಜಿರೆಂದು ಮಕ್ಕಳಿಗೆ ಕಲಿಸುತ್ತಾರೆ. ಈಜಿನಲ್ಲಿ ಪಳಗಿದ್ದ ಅಲ್ಲಿನ ಪ್ರಧಾನಿ ಹೆರಾಲ್ಡ್ ಹೋಲ್ಟ್ 1967ರಲ್ಲಿ ಕಡಲಿಗಿಳಿದವರು ಮತ್ತೆ ಸಿಗಲೇ ಇಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ತಂದೆ-ತಾಯಂದಿರು ಬಸ್ಸಿನ ಬಾಡಿಗೆ ವಿಚಾರಿಸಿದಷ್ಟೇ ಆಸ್ಥೆಯಿಂದ ಇಷ್ಟನ್ನೂ ಕೇಳಲಿ: ಎಷ್ಟು ಮಕ್ಕಳಿಗೆ ಒಬ್ಬರು ಶಿಕ್ಷಕರು? ಜೀವರಕ್ಷಕರಿಲ್ಲದ ದಡದಲ್ಲಿ ಮಕ್ಕಳನ್ನು ನೀರಿಗಿಳಿಸುತ್ತೀರಾ? ಕೇಳಿದರೆ ಮೇಷ್ಟ್ರು ಬೇಸರಿಸಲಾರರು.

ಮಕ್ಕಳೇ, ಮೊಣಕಾಲುದ್ದ ನೀರೂ ಬೇಡವೆಂದು ಸರ್ ಹೇಳಿದರೆ ಮುಖ ಊದಿಸಿಕೊಳ್ಳಬೇಡಿ. ಅವರಿಂದಲೇ ಒಂದು ಬಾಟಲಿ ಕಡಲ ನೀರು ತುಂಬಿಸಿಕೊಂಡು ಊರಿಗೆ ತನ್ನಿ. ಅಳೆದು ಒಂದು ಲೀಟರನ್ನು ಅಗಲವಾದ ತಟ್ಟೆಗೆ ಹಾಕಿ ಬೋನಾಳದ ಬಿಸಿಲಲ್ಲಿಡಿ. ನೀರೆಲ್ಲ ಆರಿದ ಮೇಲೆ ತಳದಲ್ಲಿ ಉಳಿಯುವ ಬಿಳಿ ಹುಡಿಯನ್ನು ಶಾಲೆಯ ತಕ್ಕಡಿಯಲ್ಲಿ ತೂಗಿ ನೋಡಿ: ಸುಮಾರು 35 ಗ್ರಾಂ ಉಪ್ಪು.